ಇಲ್ಲದ ಪೆಡಲಿನ ಸದ್ದು

ಹಿಂದಿನ ಚಕ್ರದ ಎಂಟು ನಟ್ಟುಗಳಲ್ಲಿ ಏಳು ಬಂದವು. ಎಂಟನೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಓನ್ನಿ ಟೆರ್ವೊ ಸ್ಪ್ಯಾನರಿನ ಹಿಡಿಗೆ ಉದ್ದನೆಯ ಕಬ್ಬಿಣದ ಕೊಳವೆ ತೊಡಿಸಿ, ಅದರ ತುದಿಯ ಮೇಲೆ ಒಂದು ಕಾಲಿಟ್ಟು ನಿಂತ. ಗ್ಯಾರೇಜಿನ ತಗಡಿನ ಮಾಡಿನಿಂದ ಕರಗಿದ ಹಿಮ ತೊಟ್ಟಿಕ್ಕುತ್ತಿತ್ತು. ಏಪ್ರಿಲ್ ಮುಗಿಯುತ್ತ ಬಂದಿದ್ದರೂ ಸರೋವರದ ಕಡೆಯ ಗಾಳಿಗೆ ಅದರ ಸುದ್ದಿ ತಲುಪಿದ ಹಾಗಿರಲಿಲ್ಲ.

"ಬೀಳ್ತೀಯ" ಅಂದೆ.

"ಬಿದ್ರೆ ಎತ್ತೋಕೆ ಪೊಲೀಸ್ ಇದೆಯಲ್ಲ."

"ಪೊಲೀಸು ಕೂತ್ರೆ ಪೊಲೀಸನ್ನೇ ಇನ್ನೊಬ್ರು ಎತ್ತಬೇಕು. ನನ್ನ ಮಂಡಿ ನೋಡಿದೀಯ?"

ಓನ್ನಿಯೂ ನಾನೂ ಒಂದೇ ಶಾಲೆಯಲ್ಲಿ ಓದಿದವರು. ಅವನು ಮೆಕ್ಯಾನಿಕ್ ಆದ. ನಾನು, ಎಲ್ಮಾ ರೌತಿಯೊ, ಕೌಂಟಿಯ ಶೆರಿಫ್ ಕಚೇರಿ ಸೇರಿದೆ. ಮೂವತ್ತು ವರ್ಷದಿಂದ ಅವನು ತುಕ್ಕು ಕೆರೆಯುತ್ತಿದ್ದಾನೆ, ನಾನು ಸುಳ್ಳು ಕೆರೆಯುತ್ತಿದ್ದೇನೆ. ಇಬ್ಬರಿಗೂ ಬೆನ್ನು ನೋವು.

ಜಾಕಿನ ಮೇಲೆ ನಿಂತಿದ್ದದ್ದು ವಿಲ್ಹೊ ಕಾರ್ಪಿನೆನ್‌ನ ಹಳೆಯ ಪಿಕಪ್. ಆರು ವಾರದ ಹಿಂದೆ, ತನ್ನ ಸೌದೆ ಅಂಗಳದ ಇಳಿಜಾರಿನಲ್ಲಿ ವಿಲ್ಹೊ ಇದೇ ಗಾಡಿಯ ಕೆಳಗೆ ಸಿಕ್ಕಿ ಸತ್ತಿದ್ದ. ಆಕಸ್ಮಿಕ ಅಂತ ವರದಿಯಾಗಿತ್ತು. ಶುಕ್ರವಾರ ಕಡತ ಮುಚ್ಚಿ ಗಾಡಿಯನ್ನು ಗುಜರಿಗೆ ಕಳಿಸು ಅಂತ ಶೆರಿಫ್ ಹೇಳಿದ್ದರು. ಇವತ್ತು ಬುಧವಾರ.

ಕಣ್ಣಾರೆ ಕಂಡವನು ಒಬ್ಬನೇ. ವಿಲ್ಹೊನ ಜೊತೆ ಸೌದೆ ವ್ಯಾಪಾರ ನಡೆಸುತ್ತಿದ್ದ ವೆಸ್ಲಿ ಟ್ರೆವಾರೊ. ಅವನ ಹೇಳಿಕೆ ಈಗ ನನಗೆ ಬಾಯಿಪಾಠ.

'ವಿಲ್ಹೊ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿದ. ಎಡಗಾಲಿನಲ್ಲಿ ಪಾರ್ಕಿಂಗ್ ಬ್ರೇಕಿನ ಸಣ್ಣ ಪೆಡಲನ್ನು ಒತ್ತಿದ. ಅದರ ಕಟಕಟ ಸದ್ದು ನನಗೆ ಚೆನ್ನಾಗಿ ಕೇಳಿಸಿತು. ಅವನು ಇಳಿದು ಹಿಂದಕ್ಕೆ ಬಂದು ಹಿಂಬಾಗಿಲು ಇಳಿಸುತ್ತಿದ್ದಾಗ ಬ್ರೇಕ್ ಬಿಟ್ಟುಕೊಂಡು ಗಾಡಿ ಜಾರಿತು.'

ಒಂದೇ ಒಂದು ಸಂಗತಿ ನನ್ನ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಗಾಡಿ ನ್ಯೂಟ್ರಲ್‌ನಲ್ಲಿತ್ತು ಅಂತ ವರದಿ ಹೇಳುತ್ತಿತ್ತು. ಐವತ್ತು ವರ್ಷ ಗುಡ್ಡದ ಮೇಲೆ ಮರ ತುಂಬಿದ ಗಾಡಿ ಓಡಿಸಿದವನು ಇಳಿಜಾರಿನಲ್ಲಿ ಗೇರಿಗೆ ಹಾಕದೆ ಇಳಿಯುತ್ತಾನೆಯೇ? ಅದಕ್ಕೇ ಬ್ರೇಕು ಹೇಗೆ ಬಿಟ್ಟುಕೊಂಡಿತು ನೋಡೋಣ ಅಂತ ಗಾಡಿಯನ್ನು ಇಲ್ಲಿಗೆ ಎಳೆಸಿದ್ದೆ.

ಎಂಟನೇ ನಟ್ಟು ಕಿರುಗುಟ್ಟಿ ಸಡಿಲವಾಯಿತು.

"ಬ್ರೇಕಿನ ಡ್ರಮ್ಮು ಬರಬೇಕಾದ್ರೆ ಇನ್ನೊಂದು ಗಂಟೆ" ಅಂದ ಓನ್ನಿ, ದೊಡ್ಡ ಸುತ್ತಿಗೆ ಹುಡುಕುತ್ತ. "ಚಳಿಗಾಲವೆಲ್ಲ ರಸ್ತೆಗೆ ಉಪ್ಪು ಸುರೀತಾರೆ. ಆ ಉಪ್ಪು ಕುಡಿದು ಡ್ರಮ್ಮು ಕಚ್ಚಿಕೊಂಡಿರುತ್ತೆ. ಕಾಫಿ ಕುಡೀತಿರು."

ಚಕ್ರ ಎಳೆದು ಪಕ್ಕಕ್ಕೆ ಉರುಳಿಸಿದ. ಸುತ್ತಿಗೆ ಎತ್ತಿದ ಕೈ ಹಾಗೇ ನಿಂತಿತು.

"ಏನು?"

"ಡ್ರಮ್ಮೇ ಇಲ್ಲ."

ನಾನು ಬಗ್ಗಿ ನೋಡಿದೆ. ಕೆಸರು ಮೆತ್ತಿದ ಗುಡಾಣದಂಥ ಡ್ರಮ್ ಇರಬೇಕಾದಲ್ಲಿ ತಟ್ಟೆಯಂಥ ಒಂದು ಡಿಸ್ಕ್ ಇತ್ತು. ಅದನ್ನು ಹಿಡಿಯುವ ಕ್ಯಾಲಿಪರನ್ನು ದಪ್ಪ ತಗಡಿನಿಂದ ಕತ್ತರಿಸಿ ಮಾಡಿದ ಒಂದು ಪಟ್ಟಿಗೆ ಬಿಗಿದಿದ್ದರು. ಪಟ್ಟಿಗೆ ಕಪ್ಪು ಬಣ್ಣ ಬೇರೆ ಹೊಡೆದಿದ್ದರು.

"ಈ ಮಾಡೆಲಿಗೆ ಹಿಂದಿನ ಚಕ್ರಕ್ಕೆ ಡಿಸ್ಕ್ ಬರ್ತಿರ್ಲಿಲ್ಲ" ಅಂದ ಓನ್ನಿ. ಅವನ ದನಿ ಬದಲಾಗಿತ್ತು. ದೇವರ ಮನೆಯಲ್ಲಿ ಮಾತಾಡಿದ ಹಾಗೆ ಮೆಲ್ಲಗೆ ಆಡುತ್ತಿದ್ದ. "ಯಾರೋ ಕೈಯಾರೆ ಕೂರಿಸಿದಾರೆ. ಬೇರೆ ಯಾವುದೋ ಗಾಡಿಯ ಮುಂದಿನ ಬ್ರೇಕು ತಂದು ಹಿಂದೆ ಹಾಕಿದಾರೆ. ಆ ವೆಲ್ಡಿಂಗ್ ನೋಡು. ಹೆಣ್ಣುಮಕ್ಕಳು ಜಡೆ ಹೆಣೆದ ಹಾಗಿದೆ."

"ಅಂದ್ರೆ ಕೆಟ್ಟ ಕೆಲಸ ಅಲ್ಲ?"

"ನನ್ನ ಕೈಲೂ ಇಷ್ಟು ನಾಜೂಕಾಗಿ ಆಗಲ್ಲ."

ಅವನು ಮುಂದಕ್ಕೆ ಹೋಗಿ ಬಾನೆಟ್ ಎತ್ತಿದ. ಬ್ರೇಕ್ ಪೈಪುಗಳನ್ನು ಬೆರಳಿನಿಂದ ಸವರಿಕೊಂಡು ಬಂದ.

"ಡ್ರಮ್ಮಿನ ಗಾಡಿಗೆ ಪೈಪಿನೊಳಗೆ ಸ್ವಲ್ಪ ಒತ್ತಡ ಹಿಡಿದಿಡೋ ಸಣ್ಣ ವಾಲ್ವ್ ಇರುತ್ತೆ. ಡಿಸ್ಕಿಗೆ ಬದಲಾಯಿಸೋರು ಅದನ್ನ ಮರೀತಾರೆ. ಆಮೇಲೆ ಪ್ಯಾಡು ಸದಾ ಉಜ್ಜಿ ಉಜ್ಜಿ ಕಾದ ಹಂಚಾಗುತ್ತೆ. ಇವರು ಮರೆತಿಲ್ಲ, ತೆಗೆದಿದಾರೆ. ಹಿಂದಕ್ಕೆ ಎಷ್ಟು ಒತ್ತಡ ಹೋಗಬೇಕು ಅಂತ ಹೊಂದಿಸೋಕೆ ಒಂದು ತಿರುಪೂ ಇಟ್ಟಿದಾರೆ. ಎಲ್ಮಾ, ಈ ಬ್ರೇಕು ಬಿಟ್ಟುಕೊಳ್ಳೋ ಬ್ರೇಕಲ್ಲ."

"ಪಾರ್ಕಿಂಗ್ ಬ್ರೇಕು?"

ಅವನು ತಲೆ ಕೆರೆದ. ಮತ್ತೆ ಹಿಂದಕ್ಕೆ ಬಂದು ಮಲಗು ಹಲಗೆಯ ಮೇಲೆ ಅಂಗಾತ ಬಿದ್ದು ಗಾಡಿಯಡಿ ಸರಿದ. ಸ್ವಲ್ಪ ಹೊತ್ತು ಅವನ ಬೂಟುಗಳು ಮಾತ್ರ ಕಾಣುತ್ತಿದ್ದವು.

"ಇಲ್ಲ."

"ಇಲ್ಲ ಅಂದ್ರೆ? ಕೆಲಸ ಮಾಡಲ್ವಾ?"

"ಇಲ್ಲ ಅಂದ್ರೆ ಇಲ್ಲ. ಪಾರ್ಕಿಂಗ್ ಬ್ರೇಕು ಎಳೀತಿದ್ದದ್ದು ಹಳೇ ಡ್ರಮ್ಮನ್ನ. ಡ್ರಮ್ಮು ಹೋಯ್ತು, ಅದರ ಜೊತೆ ಅದೂ ಹೋಯ್ತು. ಈ ಕ್ಯಾಲಿಪರಿಗೆ ಕೇಬಲ್ ಸಿಕ್ಕಿಸೋ ಜಾಗವೇ ಇಲ್ಲ. ಕೇಬಲ್ ಕತ್ತರಿಸಿ ತೆಗೆದುಬಿಟ್ಟಿದಾರೆ."

ನಾನು ಕಾಫಿ ಲೋಟ ಕೆಳಗಿಟ್ಟೆ. ಚಾಲಕನ ಕಡೆಯ ಬಾಗಿಲು ತೆಗೆದು, ಮೆಟ್ಟಿಲ ಮೇಲೆ ಒಂದು ಮಂಡಿಯೂರಿ, ಟಾರ್ಚು ಬಿಟ್ಟೆ. ಕ್ಲಚ್ಚು, ಬ್ರೇಕು, ಆಕ್ಸಿಲರೇಟರು. ಅವುಗಳ ಎಡಕ್ಕೆ, ಮೂಲೆಯಲ್ಲಿ, ಪಾರ್ಕಿಂಗ್ ಬ್ರೇಕಿನ ಪೆಡಲ್ ಇರಬೇಕಿತ್ತು. ಅಲ್ಲಿ ಒಂದು ತುಂಡು ಜಮಖಾನೆ ಅಂಟಿಸಿದ್ದರು. ಅದನ್ನು ಕಿತ್ತೆ. ಬೋಲ್ಟಿನ ತೂತುಗಳು ಕಂಡವು. ನೀರು ಬರದಿರಲಿ ಅಂತ ಪ್ರತಿಯೊಂದಕ್ಕೂ ರಬ್ಬರ್ ಬಿರಟೆ ಜಡಿದಿದ್ದರು.

ಪೆಡಲ್ ಇರಲಿಲ್ಲ.

ಕಟಕಟ ಅನ್ನುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

"ಓನ್ನಿ, ಪಾರ್ಕಿಂಗ್ ಬ್ರೇಕಿಲ್ಲದ ಗಾಡೀನ ಇಳಿಜಾರಲ್ಲಿ ಹೇಗೆ ನಿಲ್ಲಿಸ್ತಾರೆ?"

"ಮೊದಲನೇ ಗೇರಿಗೆ ಹಾಕಿ, ಎಂಜಿನ್ ನಿಲ್ಲಿಸಿ, ಚಕ್ರದ ಹಿಂದೆ ಒಂದು ಸೌದೆ ಕೊರಡು ಒದ್ದು ಇಡ್ತಾರೆ. ವಿಲ್ಹೊಗೆ ಸೌದೆಗೇನು ಬರ?"

ಆಗಲೇ ಚಿತ್ರ ಕೊಡುವ ಪೊಲರಾಯ್ಡ್ ಕ್ಯಾಮೆರಾದಲ್ಲಿ ಫೋಟೊ ತೆಗೆದುಕೊಂಡೆ. ಡಿಸ್ಕಿನದೊಂದು, ವೆಲ್ಡಿಂಗಿನದೊಂದು, ಬಿರಟೆ ಜಡಿದ ತೂತುಗಳದೊಂದು. ಸಂತೋಷವೇನೂ ಆಗಲಿಲ್ಲ. ಶುಕ್ರವಾರ ಮುಚ್ಚಬಹುದಾಗಿದ್ದ ಕಡತವನ್ನು ನಾನೇ ಕೈಯಾರೆ ತೆರೆದಿದ್ದೆ. ಮನೆಗೆ ಹೋಗಿ ಬೂಟು ಬಿಚ್ಚಿ ಮಲಗಿದರೆ ಸಾಕಿತ್ತು. ಅದರ ಬದಲು ಕಾರು ಹತ್ತಿ ಟ್ರೆವಾರೊನ ಮನೆಯ ದಾರಿ ಹಿಡಿದೆ.

*

ವೆಸ್ಲಿ ಟ್ರೆವಾರೊ ಗಿಡ್ಡ ಆಳು. ಅವನ ಅಜ್ಜ, ಮುತ್ತಜ್ಜ ಎಲ್ಲ ತಾಮ್ರದ ಗಣಿಯಲ್ಲಿ ಬಗ್ಗಿ ಬಗ್ಗಿ ದುಡಿದು ಅದೇ ಎತ್ತರಕ್ಕೆ ನಿಂತುಬಿಟ್ಟರು ಅಂತ ಊರಲ್ಲಿ ತಮಾಷೆ ಮಾಡುತ್ತಿದ್ದರು. ಅರವತ್ತಮೂರು ವಯಸ್ಸು. ಹೆಂಡತಿ ತೀರಿಕೊಂಡು ಎಂಟು ವರ್ಷ. ಮಗಳು ಟ್ಯಾಮ್ಸಿನ್ ಜೊತೆಗಿದ್ದಾಳೆ.

ಅಡುಗೆಮನೆಯ ಮೇಜಿನ ಮೇಲೆ ಆಗಷ್ಟೇ ಒಲೆಯಿಂದ ತೆಗೆದ ಕಡುಬಿನಂಥ ಎರಡು ಪ್ಯಾಸ್ಟಿಗಳಿದ್ದವು. ಮಾಂಸ, ಆಲೂಗಡ್ಡೆಯ ಹಬೆ ಕೋಣೆ ತುಂಬಿತ್ತು.

"ಒಂದು ತಗೊಳ್ಳಿ, ಮಿಸೆಸ್ ರೌತಿಯೊ. ಮಗಳು ಬರೋದು ತಡ ಆಗುತ್ತೆ."

"ಬೇಡ. ಇನ್ನೊಂದು ಸಲ ಹೇಳಿಬಿಡಿ. ಆ ದಿನದ್ದು."

"ಮತ್ತೇನು ಹೇಳಲಿ? ಬರೆದುಕೊಟ್ಟಿದೀನಲ್ಲ."

"ವಯಸ್ಸಾಯ್ತು, ಮರೆತು ಹೋಗುತ್ತೆ."

ಅವನು ಹೇಳಿದ. ಪದಕ್ಕೆ ಪದ ಅದೇ. ಇಳಿಜಾರು, ಎಡಗಾಲು, ಪೆಡಲ್, ಕಟಕಟ. ನೆನಪು ಹೀಗೆ ಬರುವುದಿಲ್ಲ. ನೆನಪು ಪ್ರತಿ ಸಲ ಸ್ವಲ್ಪ ಸೋರುತ್ತದೆ. ಬಾಯಿಪಾಠ ಮಾತ್ರ ಸೋರುವುದಿಲ್ಲ.

"ಎಷ್ಟು ಸಲ ಕಟಕಟ ಅಂತು?"

"ನಾಲ್ಕೋ ಐದೋ."

"ನೀವು ಎಲ್ಲಿ ನಿಂತಿದ್ರಿ?"

"ಸೌದೆ ರಾಶಿ ಹತ್ರ. ಹತ್ತು ಹೆಜ್ಜೆ ದೂರ."

ನಾನು ಬಿರಟೆ ಜಡಿದ ತೂತುಗಳ ಫೋಟೊವನ್ನು ಪ್ಯಾಸ್ಟಿಯ ತಟ್ಟೆಯ ಪಕ್ಕದಲ್ಲಿಟ್ಟೆ.

"ಇದೇನು?"

"ವಿಲ್ಹೊನ ಗಾಡಿ. ನೀವು ಹೇಳಿದ ಪೆಡಲ್ ಇರಬೇಕಾದ ಜಾಗ."

ಅವನು ಕನ್ನಡಕ ಹಾಕಿಕೊಂಡು ನೋಡಿದ. ತುಂಬ ಹೊತ್ತು ನೋಡಿದ. ಪ್ಯಾಸ್ಟಿಯ ಹಬೆ ಕನ್ನಡಕದ ಗಾಜಿಗೆ ಕವಿಯಿತು. ಒರೆಸಿಕೊಳ್ಳಲಿಲ್ಲ.

"ಹಿಂದಿನ ಬ್ರೇಕು ಬದಲಾಯಿಸಿದಾರೆ, ವೆಸ್ಲಿ. ಆ ಗಾಡಿಗೆ ಪಾರ್ಕಿಂಗ್ ಬ್ರೇಕೇ ಇರಲಿಲ್ಲ. ಇಲ್ಲದ ಪೆಡಲನ್ನ ವಿಲ್ಹೊ ಹೇಗೆ ತುಳಿದ? ನಿಮಗೆ ಹೇಗೆ ಕೇಳಿಸ್ತು?"

ಅವನು ಫೋಟೊವನ್ನು ನನ್ನ ಕಡೆ ಸರಿಸಿದ.

"ನೀವು ಅವನ ಜೊತೆಯಲ್ಲೇ ವ್ಯಾಪಾರ ಮಾಡ್ತಿದ್ರಿ. ನಿಮಗೆ ಗೊತ್ತಿರಲಿಲ್ವಾ?"

"ಆ ಗಾಡಿ ನಾನು ಓಡಿಸ್ತಿರ್ಲಿಲ್ಲ" ಅಂದ. "ಚಳಿಗಾಲವೆಲ್ಲ ಅವನ ಶೆಡ್ಡಲ್ಲಿ ಬ್ರೇಕಿನ ಕೆಲಸ ನಡೀತಿತ್ತು ಅನ್ನೋದು ಗೊತ್ತು. ಏನು ಮಾಡಿದ್ರು ಅಂತ ಕೇಳಲಿಲ್ಲ."

"ಯಾರು ಮಾಡಿದ್ರು?"

ಅವನು ಕನ್ನಡಕ ತೆಗೆದು ಮಡಿಸಿದ. ಆರು ವಾರದಲ್ಲಿ ಈ ಮನುಷ್ಯ ಹತ್ತು ವರ್ಷ ಮುದುಕನಾಗಿದ್ದ. ಗೆಳೆಯ ಸತ್ತ ದುಃಖ ಅಂತ ತಿಳಿದಿದ್ದೆ. ಹೀಗೆ ಮನುಷ್ಯನನ್ನು ಒಳಗಿಂದ ತಿನ್ನುವುದು ದುಃಖವಲ್ಲ, ಹೆದರಿಕೆ. ಅದು ನನಗೆ ಮೊದಲೇ ಹೊಳೆಯಬೇಕಿತ್ತು.

"ವೆಸ್ಲಿ, ನೀವು ಆ ಹೊತ್ತಿಗೆ ಅಲ್ಲಿದ್ರಾ?"

"ಇಲ್ಲ."

ಅಷ್ಟು ಮೆಲ್ಲಗೆ ಅಂದ, ಒಲೆಯ ಸದ್ದಿನಲ್ಲಿ ತಪ್ಪಿಹೋಗುವಷ್ಟು.

"ನಾನು ಹೋಗೋ ಹೊತ್ತಿಗೆ ಮುಗಿದು ಹೋಗಿತ್ತು. ಅವನು ಗಾಡಿ ಕೆಳಗಿದ್ದ. ಕೈ ಮುಟ್ಟಿ ನೋಡಿದೆ. ಹೋಗಿಬಿಟ್ಟಿದ್ದ. ಎಂಜಿನ್ ಓಡ್ತಾ ಇತ್ತು, ಮಿಸೆಸ್ ರೌತಿಯೊ. ಹಿಂದಕ್ಕೆ ಹೋಗೋ ಗೇರಲ್ಲಿತ್ತು. ಗಾಡಿ ಶೆಡ್ಡಿನ ಗೋಡೆಗೆ ಆನಿಕೊಂಡು, ಚಕ್ರ ಕೆಸರಲ್ಲಿ ಸುತ್ತುತ್ತಾ ಇತ್ತು."

ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. "ಅಂದ್ರೆ ಜಾರಿದ್ದಲ್ಲ. ಯಾರೋ ಓಡಿಸಿದ್ದು."

"ನಾನೇ ಕೀ ತಿರುಗಿಸಿ ನಿಲ್ಲಿಸಿದೆ. ನ್ಯೂಟ್ರಲಿಗೆ ತಂದೆ. ಸೀಟು ಹಿಂದಕ್ಕೆ ತಳ್ಳಿದೆ."

"ಸೀಟು ಯಾಕೆ?"

"ಸ್ಟೀರಿಂಗಿಗೆ ತಾಗೋ ಹಾಗೆ ಮುಂದಕ್ಕೆ ಎಳೆದಿತ್ತು. ವಿಲ್ಹೊ ಆರಡಿ ಮೂರಂಗುಲದ ಆಳು. ಅವನು ಆ ಸೀಟಲ್ಲಿ ಕೂತ್ರೆ ಮಂಡಿ ಗದ್ದಕ್ಕೆ ಬರುತ್ತೆ. ಗಿಡ್ಡ ಇರೋರು ಯಾರೋ ಕೂತಿದ್ರು."

ಗಿಡ್ಡ ಇರೋರು. ನಾನು ಅವನನ್ನೇ ನೋಡಿದೆ. ಅವನು ತಲೆಯಾಡಿಸಿದ.

"ನಾನಲ್ಲ. ನಾನಾಗಿದ್ರೆ ಒಳ್ಳೇದಿತ್ತು."

ಆಗ ನನಗೆ ಅರ್ಥವಾಯಿತು. ಶೆಡ್ಡಿನ ಕೆಲಸ ಯಾರು ಮಾಡಿದರು ಅಂತ ಕೇಳಿದಾಗ ಯಾಕೆ ಸುಮ್ಮನಾದ ಅನ್ನುವುದೂ ಅರ್ಥವಾಯಿತು. ಟ್ಯಾಮ್ಸಿನ್ ಅದಿರು ಹಡಗುಗಳ ರೇವಿನಲ್ಲಿ ವೆಲ್ಡಿಂಗ್ ಕೆಲಸ ಮಾಡುವವಳು. ಎತ್ತರ ಐದಡಿ.

"ಚಳಿಗಾಲವೆಲ್ಲ ಆ ಗಾಡಿಗೆ ಮೈ ತೇದಳು" ಅಂದ. "ವಸಂತ ಬರಲಿ, ಗಾಡಿ ನಿಂದೇ ಅಂದಿದ್ದ ವಿಲ್ಹೊ. ಮಾರ್ಚಲ್ಲಿ ಮಾತು ತಪ್ಪಿದ. ಬೇರೆಯವರು ಕೇಳಿದಾರೆ, ಅವರಿಗೆ ಇಲ್ಲ ಅನ್ನಕ್ಕಾಗಲ್ಲ ಅಂದ. ದೊಡ್ಡ ಜಗಳ ಆಯ್ತು. ಆ ಗಾಡಿ ಇನ್ನೊಬ್ಬರ ಕೈಗೆ ಹೋಗೋದಕ್ಕಿಂತ ಸರೋವರಕ್ಕೆ ಬೀಳಲಿ ಅಂದ್ಲು. ವಿಲ್ಹೊ ಸತ್ತ ಆ ಮಂಗಳವಾರ ರೇವಿಗೆ ಫೋನ್ ಮಾಡಿದೆ. ಕೆಲಸಕ್ಕೆ ಬಂದಿಲ್ಲ ಅಂದ್ರು."

"ಅವಳನ್ನ ಕೇಳಿದ್ರಾ?"

"ಇಲ್ಲ."

"ಆರು ವಾರ ಒಂದೇ ಮೇಜಲ್ಲಿ ಊಟ ಮಾಡಿಕೊಂಡು?"

"ಹೌದು ಅಂದುಬಿಟ್ರೆ ನಾನೇನು ಮಾಡಲಿ ಹೇಳಿ. ಕೇಳದೆ ಇದ್ರೆ ಇನ್ನೊಂದು ದಿನ ಸಿಗುತ್ತಲ್ಲ."

ತಟ್ಟೆಯಲ್ಲಿ ಪ್ಯಾಸ್ಟಿ ಆರುತ್ತಿತ್ತು. ಅವನ ಮೇಲೆ ಸಿಟ್ಟು ಬರಬೇಕಿತ್ತು. ಸಾಕ್ಷ್ಯ ಕೆಡಿಸಿದ್ದ, ಸುಳ್ಳು ಹೇಳಿಕೆ ಕೊಟ್ಟಿದ್ದ. ಸಿಟ್ಟಿಗೂ ಒಂದು ಶಕ್ತಿ ಬೇಕು.

ಹಿಂಬಾಗಿಲು ತೆರೆದುಕೊಂಡಿತು.

*

ಟ್ಯಾಮ್ಸಿನ್ ಯಾವಾಗಿನಿಂದ ಅಲ್ಲಿ ನಿಂತಿದ್ದಳೋ ಗೊತ್ತಿಲ್ಲ. ಬೂಟಿಗೆ ಕೆಸರು ಹತ್ತಿತ್ತು, ಕೈಯಲ್ಲಿ ಊಟದ ಡಬ್ಬಿ. ಮೂವತ್ತರ ಹೆಣ್ಣು, ಕೆನ್ನೆಯ ಮೇಲೆ ಕಿಡಿ ಹಾರಿದ ಹಳೆಯ ಕಲೆ. ಮೊದಲು ಅಪ್ಪನನ್ನು ನೋಡಿದಳು, ಆಮೇಲೆ ಮೇಜಿನ ಮೇಲಿನ ಫೋಟೊವನ್ನು.

"ಆ ಪೆಡಲ್ ಬಿಚ್ಚಿದ್ದು ನಾನೇ" ಅಂದಳು.

"ಮಗಾ, ಸುಮ್ನಿರು."

"ಸಾಕು ಅಪ್ಪ. ಆರು ವಾರ ಸುಮ್ನಿದ್ದೆ." ಡಬ್ಬಿಯನ್ನು ಒಲೆಯ ಪಕ್ಕದಲ್ಲಿಟ್ಟಳು. "ನೀನು ಕಟಕಟ ಅಂತ ಹೇಳಿದೀಯ ಅಂತ ಗೊತ್ತಾದ ದಿನವೇ ಅದು ಸುಳ್ಳು ಅಂತ ನನಗೆ ಗೊತ್ತಾಯ್ತು. ಪೆಡಲ್ ನನ್ನ ಸಾಮಾನಿನ ಡಬ್ಬದಲ್ಲಿ ಬಿದ್ದಿದೆ. ನೀನು ಯಾಕೆ ಸುಳ್ಳು ಹೇಳ್ತಿದೀಯ ಅಂತ ದಿನಾ ಯೋಚನೆ ಮಾಡ್ದೆ. ಕೇಳೋಕೆ ಧೈರ್ಯ ಬರಲಿಲ್ಲ."

ಟ್ರೆವಾರೊ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ.

"ನಾನು ಮಾಡಿದೆ ಅಂತ ತಿಳಿದಿದ್ಯಾ?" ಅಂದ.

"ಒಂದೊಂದು ಸಲ. ನೀನೇನು ತಿಳಿದಿದ್ದೆ?"

"ನೀನು ಮಾಡಿದೆ ಅಂತ ನಾನು ತಿಳಿದಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಅವನು ಮುಖವನ್ನು ಅಂಗೈಯಿಂದ ಒಂದು ಸಲ ಮೇಲಿಂದ ಕೆಳಕ್ಕೆ ಒರೆಸಿಕೊಂಡ. ನಾನು ಕಿಟಕಿಯ ಕಡೆ ತಿರುಗಿದೆ. ಕೆಲವು ಸಂಗತಿಗಳನ್ನು ಪೊಲೀಸರು ನೋಡಬಾರದು.

"ಆ ದಿನ ನೀನು ಎಲ್ಲಿದ್ದೆ, ಟ್ಯಾಮ್ಸಿನ್?" ಅಂತ ಆಮೇಲೆ ಕೇಳಿದೆ.

"ಡುಲೂತ್‌ಗೆ ಹೋಗಿದ್ದೆ. ಬೇರೆ ಹಳೇ ಪಿಕಪ್ ನೋಡೋಕೆ. ವಿಲ್ಹೊ ಮೇಲಿನ ಸಿಟ್ಟಿಗೆ. ಮಾರೋನ ಹೆಸರು, ನಂಬರು ಕೊಡ್ತೀನಿ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಅವನ ತಲೆ ತಿಂದಿದೀನಿ, ಮರೆತಿರಲ್ಲ."

"ಮತ್ತೆ ನನ್ನ ಹತ್ರ ಯಾಕೆ ಬರಲಿಲ್ಲ? ಪೆಡಲ್ ಇಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು."

ಅವಳು ನನ್ನನ್ನು ಅಳೆಯುವವಳ ಹಾಗೆ ನೋಡಿದಳು.

"ಆ ಬ್ರೇಕು ಬಿಚ್ಚಿಸಿದ್ದು ನೀವೇನಾ? ಬೇರೆ ಯಾರೂ ಹೇಳದೆ?"

"ನಾನೇ. ಶೆರಿಫ್ ಕಡತ ಮುಚ್ಚು ಅಂದಿದ್ರು."

"ಹಾಗಾದ್ರೆ ಅರ್ಧ ನಂಬ್ತೀನಿ" ಅಂದಳು. ಒಳಗೆ ಹೋಗಿ, ಮಲಗುವ ಕೋಣೆಯಿಂದ ಫೋನಿನ ಜೊತೆ ಇಡುವ ಉತ್ತರ ಯಂತ್ರವನ್ನು ತಂತಿ ಸಮೇತ ಎತ್ತಿಕೊಂಡು ಬಂದಳು. ಪ್ಯಾಸ್ಟಿಯ ತಟ್ಟೆ ಸರಿಸಿ ಮೇಜಿನ ಮೇಲಿಟ್ಟಳು. "ಡುಲೂತ್‌ನಿಂದ ಬಂದಾಗ ಇದರಲ್ಲಿ ದೀಪ ಮಿಣುಕ್ತಿತ್ತು. ಆ ಬೆಳಗ್ಗೆ ವಿಲ್ಹೊ ಮಾತಾಡಿದ್ದು. ಯಾರಿಗೂ ಕೇಳಿಸಿಲ್ಲ. ಅಪ್ಪನಿಗೂ."

ಗುಂಡಿ ಒತ್ತಿದಳು.

ಟೇಪು ಸ್ವಲ್ಪ ಹೊತ್ತು ಬುಸುಗುಟ್ಟಿತು. ಆಮೇಲೆ ಸತ್ತವನ ದನಿ ಅಡುಗೆಮನೆಗೆ ಬಂತು. ದಪ್ಪ ದನಿ, ಪ್ರತಿ ಮಾತಿಗೂ ಉಸಿರು ಕಟ್ಟಿಕೊಂಡು ಆಡುವ ದನಿ.

"ಟ್ಯಾಮ್ಸಿನ್, ನಾನು ವಿಲ್ಹೊ. ಸಿಟ್ಟು ಇಳಿದಿದ್ರೆ ಫೋನ್ ಮಾಡು ಮಗಾ. ಗಾಡಿ ಕೊಳ್ಳೋರು ಯಾರು ಅಂತ ಹೇಳಬೇಡ ಅಂದಿದ್ರು, ಅದಕ್ಕೇ ಹೇಳಲಿಲ್ಲ. ಈಗ ಬಂದಿದಾರೆ, ಹೊರಗೆ ಅದೇ ಗಾಡೀಲಿ ಕೂತಿದಾರೆ. ಪಾರ್ಕಿಂಗ್ ಬ್ರೇಕಿಲ್ಲ, ಕೊರಡು ಇಡಬೇಕು ಅಂತ ಹೇಳ್ಬೇಕು. ಹೋಗ್ತೀನಿ. ಇನ್ನೇನು ಮುಚ್ಚುಮರೆ, ಶೆರಿಫ್ ಕಚೇರಿಯ ಎಲ್ಮಾ ರೌತಿಯೊ ಕಣೇ. ಪೊಲೀಸಿನವಳಿಗೆ ಇಲ್ಲ ಅನ್ನೋದು ಹೇಗೆ, ನೀನೇ ಹೇಳು."

ಟಕ್ ಅಂತ ನಿಂತಿತು.

ವಿಲ್ಹೊ ಕಾರ್ಪಿನೆನ್‌ನನ್ನು ಅವನು ಬದುಕಿದ್ದಾಗ ನಾನು ಎರಡು ಸಲ ದೂರದಿಂದ ನೋಡಿದ್ದೆ, ಅಷ್ಟೇ. ಒಂದು ಮಾತೂ ಆಡಿದವಳಲ್ಲ. ಅವನ ಗಾಡಿಯನ್ನು ಕೇಳಿದವಳಲ್ಲ. ನನ್ನ ಹೆಸರು ಹೇಳಿಕೊಂಡು ಯಾರೋ ಅವನ ಅಂಗಳಕ್ಕೆ ಹೋಗಿದ್ದರು. ಅವನಿಗೆ ನನ್ನ ಮುಖದ ಗುರುತಿರಲಿಲ್ಲ.

ಆದರೆ ಇದನ್ನು ನಾನು ಹೇಳಿದರೆ ನಂಬುವವರು ಯಾರು?

"ಈಗ ಹೇಳಿ" ಅಂದಳು ಟ್ಯಾಮ್ಸಿನ್. "ಇದನ್ನ ನಾನು ಯಾವ ಪೊಲೀಸಿಗೆ ಕೊಡಬೇಕಿತ್ತು?"

ಟ್ರೆವಾರೊ ನನ್ನ ಮುಖ ನೋಡುತ್ತಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತಿದ್ದ ನನ್ನ ಕಾಲುಗಳನ್ನು ನೋಡುತ್ತಿದ್ದ. ಹಿಮ್ಮಡಿ ನೆಲಕ್ಕೆ ತಾಗಿರಲಿಲ್ಲ. ನನ್ನ ಎತ್ತರ ಐದಡಿ ಒಂದಂಗುಲ.

"ಆ ಮಂಗಳವಾರ ಬೆಳಗ್ಗೆ ನೀವು ಎಲ್ಲಿದ್ರಿ, ಮಿಸೆಸ್ ರೌತಿಯೊ?" ಅಂತ ಮೆಲ್ಲಗೆ ಕೇಳಿದ.

ಮೂವತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ನೂರಾರು ಜನಕ್ಕೆ ನಾನು ಹಾಕಿದ್ದೇನೆ. ಅವರಲ್ಲಿ ಎಷ್ಟೋ ಮಂದಿ ಕೊಟ್ಟ ಉತ್ತರ ಒಂದೇ. ಹಾಗೆ ಹೇಳಿದ ಯಾರನ್ನೂ ನಾನು ನಂಬಿದವಳಲ್ಲ.

"ಮನೆಯಲ್ಲಿದ್ದೆ" ಅಂದೆ. "ರಜೆ ಹಾಕಿದ್ದೆ. ಒಬ್ಬಳೇ."